ಬಾಟ್ಲಿ ಬೇಡುವ ಊರು, ನಳಿಕೆಗೆ ಅಂಜುವ ಮನೆ

ದೇವದುರ್ಗ, ಮಾನ್ವಿ ಕಡೆಯ ಯಾವ ಹಳ್ಳಿಗೆ ಹೋದರೂ ಎರಡು ಮಾತು ಕೇಳಿಸುತ್ತವೆ. ಒಂದು: "ಭಾಳ ನಿಶ್ಶಕ್ತಿ ಆಗೇದ, ಎರಡು ಸಲಾಯನ್ ಹಚ್ರಿ ಡಾಕ್ಟ್ರೇ." ಇನ್ನೊಂದು: "ಮುತ್ಯಾಗ ಮೂಗಿನ್ಯಾಗ ನಳಿಗಿ ಹಾಕ್ಯಾರಂತ, ಇನ್ನ ಮುಗೀತು ಬಿಡ್ರಿ."

ಮೊದಲನೇ ಮಾತಿನಲ್ಲಿ ಬಾಟ್ಲಿ ಎಂದರೆ ಊಟ, ಶಕ್ತಿ. ಎರಡನೇ ಮಾತಿನಲ್ಲಿ ನಳಿಕೆ ಎಂದರೆ ಸಾವಿನ ಮುನ್ಸೂಚನೆ. ಈ ಎರಡು ವಸ್ತುಗಳು ಎಲ್ಲಿಂದ ಬಂದವು, ಯಾವ ಕೆಲಸಕ್ಕೆ ಹುಟ್ಟಿದವು ಎಂದು ಹುಡುಕುತ್ತಾ ಹೋದರೆ ನಮ್ಮೂರ ನಂಬಿಕೆ ತಲೆಕೆಳಗಾಗಿರುವುದು ಕಾಣುತ್ತದೆ. ಬಾಟ್ಲಿ ಹುಟ್ಟಿದ್ದು ನೀರು, ಉಪ್ಪು ಕೊಡಲಿಕ್ಕೆ. ಊಟ ಒಯ್ಯುವುದು ನಳಿಕೆ.

ಇದು ಬರೀ ಹಳೇ ಕಥೆ ಅಲ್ಲ. ಬಾಟ್ಲಿಯನ್ನು ಊಟ ಅಂದುಕೊಂಡ ಮನೆ ಸಾಲ ಮಾಡಿ ಬಾಟ್ಲಿ ಹಚ್ಚಿಸುತ್ತದೆ, ಒಳಗೆ ಮಲಗಿದ ಅಜ್ಜಿ ಹಸಿದೇ ಇರುತ್ತಾಳೆ. ನಳಿಕೆಯನ್ನು ಸಾವು ಅಂದುಕೊಂಡ ಮನೆ ಬದುಕಬಹುದಾದ ಮಗುವನ್ನೂ ಆಸ್ಪತ್ರೆಯಿಂದ ಎತ್ತಿಕೊಂಡು ಬರುತ್ತದೆ. ಹೀಗಾಗಿ ನಾವು ಈ ಚರಿತ್ರೆಯನ್ನು ಮೊದಲಿನಿಂದ ಹೇಳುತ್ತೇವೆ.

ಬಾಯಿ ನಡೆಯದಾಗ ಯಾವ ದಾರಿ?

ನುಂಗಲು ಬಾರದ ಮನುಷ್ಯನಿಗೆ ಹೇಗೆ ಉಣಿಸುವುದು? ಈ ಪ್ರಶ್ನೆ ಸಾವಿರಾರು ವರ್ಷ ಹಳೆಯದು. ಮೊದಲು ಹೊಳೆದ ದಾರಿ ಗುದದ್ವಾರ. ಹಳೆಯ ಈಜಿಪ್ಟಿನಲ್ಲಿ ಅದು ಇತ್ತು. ನಮ್ಮ ಆಯುರ್ವೇದದಲ್ಲಿ ಅದಕ್ಕೆ ಬಸ್ತಿ ಎನ್ನುತ್ತಾರೆ. ಬಸ್ತಿ ಎಂದರೆ ಮೂತ್ರಕೋಶ. ಪ್ರಾಣಿಯ ಮೂತ್ರಕೋಶವನ್ನೇ ಚೀಲ ಮಾಡಿ ಅದಕ್ಕೆ ಕೊಳವೆ ಕಟ್ಟಿ ಔಷಧ ಏರಿಸುತ್ತಿದ್ದರು. ಹಾಲು, ಮಾಂಸರಸ ಸೇರಿಸಿದ ಪುಷ್ಟಿಯ ಬಸ್ತಿಗಳೂ ಇದ್ದವು.

ಈ ದಾರಿಯ ಮಿತಿ ಜಗತ್ತಿಗೆ ಕಂಡದ್ದು 1881ರಲ್ಲಿ. ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರಿಗೆ ಜುಲೈ 2ರಂದು ಗುಂಡು ತಗುಲಿತು. ಹೊಟ್ಟೆ ಏನೂ ನಿಲ್ಲಿಸಿಕೊಳ್ಳದಾಗ ವೈದ್ಯರು ಮಾಂಸದ ಸಾರು, ಮೊಟ್ಟೆ, ಹಾಲುಗಳನ್ನು ಗುದದ್ವಾರದಿಂದ ಕೊಟ್ಟರು. ದೊಡ್ಡ ಕರುಳಿಗೆ ನೀರು, ಉಪ್ಪು ಹೀರುವ ಶಕ್ತಿ ಇದೆ. ಅನ್ನ, ಬೇಳೆ, ಎಣ್ಣೆಗಳ ಸತ್ವ ಹೀರುವುದು ಸಣ್ಣ ಕರುಳು. ಅಧ್ಯಕ್ಷರು ದಿನೇ ದಿನೇ ಸೊರಗಿದರು. ಗಾಯದ ನಂಜೂ ಸೇರಿ ಸೆಪ್ಟೆಂಬರ್ 19ರಂದು ತೀರಿಕೊಂಡರು. ದೊಡ್ಡ ದೇಶದ ದೊರೆಗೇ ಸರಿಯಾದ ದಾರಿಯಲ್ಲಿ ಊಟ ಸಿಗಲಿಲ್ಲ.

ಆದರೆ ಸರಿಯಾದ ದಾರಿ ಅಷ್ಟರಲ್ಲಾಗಲೇ ಗೊತ್ತಿತ್ತು. 1617ರಲ್ಲಿ ಇಟಲಿಯ ವೈದ್ಯ ಫ್ಯಾಬ್ರಿಷಿಯಸ್, ಧನುರ್ವಾಯುವಿನಿಂದ ದವಡೆ ಕಚ್ಚಿಕೊಂಡವರಿಗೆ ಮೂಗಿನಿಂದ ಗಂಟಲಿಗೆ ಬೆಳ್ಳಿಯ ಕೊಳವೆ ಇಳಿಸಿ ಉಣಿಸಿದ್ದರು. 1790ರಲ್ಲಿ ಲಂಡನ್ನಿನ ಜಾನ್ ಹಂಟರ್, ನುಂಗುವ ಶಕ್ತಿ ಹೋದ ರೋಗಿಗೆ ಹಾವುಮೀನಿನ ಚರ್ಮವನ್ನು ತಿಮಿಂಗಿಲದ ಎಲುಬಿನಂಥ ಕಡ್ಡಿಗೆ ಹೊದಿಸಿ ನಳಿಕೆ ಮಾಡಿ, ಅದರಿಂದ ಜಠರಕ್ಕೆ ಮೊಟ್ಟೆ, ಹಾಲು ಕೊಟ್ಟರು. ಬೆಳ್ಳಿ ಬಿರುಸು, ಚರ್ಮ ಕೊಳೆಯುತ್ತದೆ. ಮೆತ್ತಗಿನ ರಬ್ಬರ್ ಬರುವ ತನಕ ನಳಿಕೆ ಊಟ ಅಪರೂಪದ ಸಾಹಸವಾಗಿಯೇ ಉಳಿಯಿತು.

ಬಾಟ್ಲಿ ಹುಟ್ಟಿದ್ದು ಕಾಲರಾಕ್ಕೆ

ಸಲಾಯನ್ ಕಥೆ ಬೇರೆ. ಅದಕ್ಕೂ ಹಸಿವಿಗೂ ಸಂಬಂಧವಿಲ್ಲ. ಅದು ವಾಂತಿಭೇದಿಯ ಕಥೆ.

1831ರ ಕೊನೆಗೆ ಇಂಗ್ಲೆಂಡಿಗೆ ಕಾಲರಾ ಬಂತು. ವಿಲಿಯಂ ಬ್ರೂಕ್ ಓಶಾಗ್ನೆಸ್ಸಿ ಎಂಬ ಇಪ್ಪತ್ತೆರಡು ವರ್ಷದ ಹುಡುಗ ವೈದ್ಯ ರೋಗಿಗಳ ರಕ್ತ ಪರೀಕ್ಷೆ ಮಾಡಿ ನೋಡಿದ. ರಕ್ತ ಗಟ್ಟಿಯಾಗಿದೆ, ಅದರ ನೀರೂ ಉಪ್ಪೂ ಭೇದಿಯಲ್ಲಿ ಹೊರಟುಹೋಗಿದೆ ಎಂದು ಬರೆದ. ಹೋದದ್ದನ್ನು ಮರಳಿ ಕೊಡಬೇಕು ಎಂದ.

ಆ ಮಾತನ್ನು ಹಿಡಿದು ಮಾಡಿ ನೋಡಿದವರು ಸ್ಕಾಟ್ಲೆಂಡಿನ ಲೀತ್ ಊರಿನ ಥಾಮಸ್ ಲಟ್ಟಾ. 1832ರಲ್ಲಿ ಅವರು ಸಾಯುವ ಸ್ಥಿತಿಯಲ್ಲಿದ್ದ ಒಬ್ಬ ಮುದುಕಿಯ ರಕ್ತನಾಳಕ್ಕೆ ಮೂರು ಲೀಟರಿಗೂ ಹೆಚ್ಚು ಉಪ್ಪುನೀರು ಏರಿಸಿದರು. ಗುಳಿಬಿದ್ದ ಕಣ್ಣು ಬೆಳಗಿತು, ನಾಡಿ ಸಿಕ್ಕಿತು, ಆಕೆ ಮಾತಾಡಿದಳು. ಲಟ್ಟಾ ಹೊರಟುಹೋದ ಮೇಲೆ ಭೇದಿ ಮತ್ತೆ ಹತ್ತಿತು. ಇನ್ನೊಮ್ಮೆ ನೀರು ಏರಿಸಲಿಲ್ಲ. ಕೆಲವೇ ತಾಸಿನಲ್ಲಿ ಆಕೆ ಸತ್ತಳು. ಮುಂದಿನ ಕೆಲವು ರೋಗಿಗಳು ಉಳಿದರು, ಹಲವರು ಉಳಿಯಲಿಲ್ಲ. ನೀರು ಕುದಿಸಬೇಕು, ಸೂಜಿ ಶುದ್ಧವಿರಬೇಕು ಎಂಬ ತಿಳಿವಳಿಕೆ ಆಗ ಇರಲಿಲ್ಲ. ಆ ವಿದ್ಯೆ ಹಲವು ದಶಕ ಮೂಲೆಗೆ ಬಿತ್ತು.

ಓಶಾಗ್ನೆಸ್ಸಿ ಮುಂದೆ ಏನಾದರು ಗೊತ್ತೇ? ಈಸ್ಟ್ ಇಂಡಿಯಾ ಕಂಪನಿಯ ನೌಕರಿ ಹಿಡಿದು 1833ರಲ್ಲಿ ಕಲ್ಕತ್ತೆಗೆ ಬಂದರು. ಅಲ್ಲಿ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡಿದರು. 1850ರ ದಶಕದಲ್ಲಿ ನಮ್ಮ ದೇಶಕ್ಕೆ ಟೆಲಿಗ್ರಾಫ್ ತಂತಿ ಎಳೆಸಿದವರೂ ಅವರೇ.

ಅದೇ ಕಲ್ಕತ್ತೆಯಲ್ಲಿ 20ನೇ ಶತಮಾನದ ಮೊದಲಲ್ಲಿ ಲಿಯೊನಾರ್ಡ್ ರೋಜರ್ಸ್ ಕಾಲರಾ ರೋಗಿಗಳಿಗೆ ಗಟ್ಟಿ ಉಪ್ಪುನೀರು ಏರಿಸಿ ಸಾವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿದರು. ಬಾಟ್ಲಿ ಗೆದ್ದದ್ದು ಅಲ್ಲಿಂದ. ನಮ್ಮ ಹಿರಿಯರ ಕಾಲಕ್ಕೆ ವಾಂತಿಭೇದಿ ಬಂದರೆ ಊರು ಬಿಟ್ಟು ಹೊಲ ಸೇರುತ್ತಿದ್ದರು. ಅಂಥ ಜನರಿಗೆ ಬಾಟ್ಲಿ ಹಚ್ಚಿದ ಒಂದು ತಾಸಿನಲ್ಲಿ ಸತ್ತಂತಿದ್ದವನು ಎದ್ದು ಕೂಡುವುದು ಕಂಡರೆ ಅದು ಪವಾಡವೇ. ಬಾಟ್ಲಿಯ ಮೇಲೆ ನಮ್ಮವರಿಗೆ ಇರುವ ಭಕ್ತಿಗೆ ಕಾರಣ ಇದೆ.

ಈಗಲೂ ಆ ಕೆಲಸಕ್ಕೆ ಬಾಟ್ಲಿ ಬೇಕೇ ಬೇಕು. 2022ರ ಮೇ ಕೊನೆಗೆ ರಾಯಚೂರು ನಗರದ ನಲ್ಲಿಗಳಲ್ಲಿ ಕೆಟ್ಟ ನೀರು ಬಂದು ಜನ ವಾಂತಿಭೇದಿಯಿಂದ ಆಸ್ಪತ್ರೆ ತುಂಬಿದರು, ಸಾವುಗಳೂ ಆದವು. 2023ರ ಮೇ ತಿಂಗಳಲ್ಲಿ ದೇವದುರ್ಗ ತಾಲೂಕಿನ ರೇಕಲಮರಡಿಯಲ್ಲಿ ಅದೇ ಆಯಿತು, ಒಂದು ಮಗು ತೀರಿಕೊಂಡಿತು. ಕುಡಿದದ್ದು ನಿಲ್ಲದೆ, ಕಣ್ಣು ಗುಳಿಬಿದ್ದು, ಉಚ್ಚೆ ನಿಂತವರಿಗೆ ಬಾಟ್ಲಿಯೇ ಪ್ರಾಣ.

ಆದರೆ ಕುಡಿಯಲು ಬರುವವರಿಗೆ ಅದೂ ಬೇಡ ಎಂದು ತೋರಿಸಿಕೊಟ್ಟದ್ದೂ ನಮ್ಮ ದೇಶವೇ. 1971ರಲ್ಲಿ ಬಾಂಗ್ಲಾದಿಂದ ಓಡಿಬಂದ ನಿರಾಶ್ರಿತರ ನಡುವೆ ಕಾಲರಾ ಎದ್ದಿತು. ಬಂಗಾಳದ ಬನ್‌ಗಾಂವ್‌ನಲ್ಲಿ ಡಾ. ದಿಲೀಪ್ ಮಹಲನಬೀಸ್ ಅವರ ಬಳಿ ಸಲಾಯನ್ ಮುಗಿಯುತ್ತಾ ಬಂತು. ಅವರು ಉಪ್ಪು, ಅಡಿಗೆ ಸೋಡಾ, ಗ್ಲುಕೋಸ್ ಪುಡಿ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿಟ್ಟು ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಇವತ್ತು ಆಶಾ ಕಾರ್ಯಕರ್ತೆಯ ಚೀಲದಲ್ಲಿರುವ ಓಆರ್‌ಎಸ್ ಪೊಟ್ಟಣದ ಹಿಂದೆ ಆ ಡ್ರಮ್ಮುಗಳಿವೆ. ಮಹಲನಬೀಸ್ 2022ರಲ್ಲಿ ತೀರಿಕೊಂಡರು. ಮರುವರ್ಷ ಅವರಿಗೆ ಪದ್ಮವಿಭೂಷಣ ಬಂತು.

ಬಾಟ್ಲಿಯೊಳಗೆ ಏನಿದೆ?

ಒಂದು ಸಣ್ಣ ಲೆಕ್ಕ ಮಾಡೋಣ. ಬಾಟ್ಲಿಯ ಮೇಲಿನ ಚೀಟಿ ಓದಿದರೆ ಸಾಕು.

"ನಾರ್ಮಲ್ ಸಲಾಯನ್" ಅರ್ಧ ಲೀಟರಿನದು: ನೀರು, ನಾಲ್ಕೂವರೆ ಗ್ರಾಂ ಉಪ್ಪು. ಊಟದ ಶಕ್ತಿ ಸೊನ್ನೆ.

"5% ಡೆಕ್ಸ್‌ಟ್ರೋಸ್", ಅಂದರೆ ನಮ್ಮವರು ಗ್ಲುಕೋಸ್ ಎನ್ನುವ ಬಾಟ್ಲಿ, ಅರ್ಧ ಲೀಟರಿನದು: ನೀರು, 25 ಗ್ರಾಂ ಸಕ್ಕರೆ. ಅಂದರೆ ನೂರಕ್ಕಿಂತ ಕಡಿಮೆ ಕ್ಯಾಲರಿ. ಪ್ರೋಟೀನ್ ಇಲ್ಲ, ಎಣ್ಣೆ ಇಲ್ಲ.

ಐವತ್ತು ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿ: ಸುಮಾರು 170 ಕ್ಯಾಲರಿ, ಜೊತೆಗೆ ಪ್ರೋಟೀನ್, ನಾರು, ಕಬ್ಬಿಣ.

ಪ್ರೋಟೀನ್, ನಾರು, ಕಬ್ಬಿಣ ಸೇರಿಸಿ ನೋಡಿದರೆ ಒಂದು ರೊಟ್ಟಿಗೆ ಎರಡು ಬಾಟ್ಲಿಯೂ ಸಮ ಅಲ್ಲ. ದೊಡ್ಡವರಿಗೆ ದಿನಕ್ಕೆ ಬೇಕಾಗುವ ಎರಡು ಸಾವಿರ ಕ್ಯಾಲರಿಯನ್ನು ಇಂಥ ಬಾಟ್ಲಿಯಿಂದಲೇ ಕೊಡಬೇಕೆಂದರೆ ಇಪ್ಪತ್ತಕ್ಕೂ ಹೆಚ್ಚು ಬೇಕು. ಅದು ಹತ್ತು ಲೀಟರ್ ದಾಟುತ್ತದೆ. ಅಷ್ಟು ನೀರು ಏರಿಸಿದರೆ ಊಟ ಸಿಗುವ ಮೊದಲು ಪುಪ್ಪುಸಕ್ಕೆ ನೀರು ತುಂಬುತ್ತದೆ. ಬಾಟ್ಲಿ ಹಚ್ಚಿದಾಗ ಹಗುರ ಅನಿಸುವುದು ಸುಳ್ಳಲ್ಲ. ಬಿಸಿಲಲ್ಲಿ ದುಡಿದು ನೀರು ಕಳೆದುಕೊಂಡ ಮೈಗೆ ನೀರು ಸಿಕ್ಕರೆ ಹಗುರ ಆಗೇ ಆಗುತ್ತದೆ. ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ಕುಡಿದರೂ ಆಗುತ್ತದೆ.

ಬರಗಾಲಗಳು ಕಲಿಸಿದ್ದು

ಹಸಿದ ಮೈಗೆ ಹೇಗೆ ಉಣಿಸಬೇಕು ಎಂಬುದನ್ನು ವೈದ್ಯರು ಕಲಿತದ್ದು ಬರಗಾಲಗಳಲ್ಲಿ, ಯುದ್ಧಗಳಲ್ಲಿ.

1876-78ರ ಬರ ನಮ್ಮ ಸೀಮೆಯನ್ನೇ ಸುಟ್ಟ ಬರ. ರಾಯಚೂರು ಆಗ ನಿಜಾಮರ ಕೈಯಲ್ಲಿತ್ತು, ತುಂಗಭದ್ರೆಯ ಆಚೆ ಬಳ್ಳಾರಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಬರದ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಕಾಳಿನ ಲೆಕ್ಕದ ಕೂಲಿ ಸಾಕೆಂದು ವೈಸ್‌ರಾಯ್ ಕಳಿಸಿದ ರಿಚರ್ಡ್ ಟೆಂಪಲ್ 1877ರಲ್ಲಿ ಗೊತ್ತುಮಾಡಿದರು. ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಶ್ ಅದನ್ನು ಬಲವಾಗಿ ವಿರೋಧಿಸಿದರು. ಆ ಬರದಲ್ಲಿ ವೈದ್ಯರು ಇನ್ನೊಂದನ್ನೂ ಕಂಡರು. ಪರಿಹಾರ ಶಿಬಿರ ಸೇರಿ ಊಟ ಸಿಕ್ಕ ಮೇಲೂ ಬಹಳ ಮಂದಿ ಭೇದಿ ಹತ್ತಿ ಸತ್ತರು. ಬಹಳ ದಿನ ಉಪವಾಸ ಬಿದ್ದ ಕರುಳು ಸಿಕ್ಕ ಅನ್ನವನ್ನೂ ತಡೆದುಕೊಳ್ಳುವುದಿಲ್ಲ.

1943ರಲ್ಲಿ ಬಂಗಾಳದ ಬರ. ಕಲ್ಕತ್ತೆಯ ವಿಜ್ಞಾನಿಗಳು ಒಂದು ಉಪಾಯ ಮಾಡಿದರು. ಕರುಳಿಗೆ ಜೀರ್ಣಿಸಲು ಬರದಿದ್ದರೆ ಪ್ರೋಟೀನನ್ನು ಮೊದಲೇ ಒಡೆದು, ಜೀರ್ಣವಾದಂತೆ ಮಾಡಿ, ಆ ದ್ರವವನ್ನು ಬಾಯಿಯಿಂದಲೋ ರಕ್ತನಾಳದಿಂದಲೋ ಕೊಟ್ಟರೆ ಹೇಗೆ? ಬೀದಿಯಿಂದ ಎತ್ತಿತಂದ ಹಸಿದವರಿಗೆ ಅದನ್ನು ಕೊಟ್ಟು ನೋಡಿದರು. ಒಳ್ಳೇ ಫಲದ ಸುದ್ದಿ ಯುರೋಪಿಗೂ ಮುಟ್ಟಿತು.

1945ರ ಏಪ್ರಿಲ್ 15ರಂದು ಬ್ರಿಟಿಷ್ ಸೇನೆ ಜರ್ಮನಿಯ ಬೆಲ್ಸನ್ ಸೆರೆಶಿಬಿರದ ಬಾಗಿಲು ತೆಗೆಯಿತು. ಎಲುಬು ಕಾಣುವ ಸಾವಿರಾರು ಜನ. ಬಂಗಾಳದ ಆ ಉಪಾಯವನ್ನು ಅಲ್ಲಿಗೆ ಒಯ್ದರು. ಅದನ್ನು ಪರೀಕ್ಷಿಸಲು ಹೋದವರಲ್ಲಿ ಡಾ. ಜಾನೆಟ್ ವಾನ್ ಎಂಬ ವೈದ್ಯೆಯೂ ಇದ್ದರು. ಸೂಜಿ ಕಂಡರೆ ಆ ಜನ ಚೀರುತ್ತಿದ್ದರು. ನಾಜಿಗಳು ಸೂಜಿ ಚುಚ್ಚಿ ಕೊಲ್ಲುವುದನ್ನು ಅವರು ಕಂಡಿದ್ದರು. ಕುಡಿಯಲು ಕೊಟ್ಟರೆ ಆ ದ್ರವದ ಕೆಟ್ಟ ರುಚಿಗೆ ಉಗುಳುತ್ತಿದ್ದರು. ಕೊನೆಗೆ ಕೈಹಿಡಿದದ್ದು ಕೆನೆ ತೆಗೆದ ಹಾಲು. ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ. ಬಾಗಿಲು ತೆಗೆದ ಮೇಲೂ ಅಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಉಳಿದವರು ಒಂದು ಪಾಠ ಉಳಿಸಿದರು: ಕರುಳು ಸ್ವಲ್ಪವೇ ನಡೆಯುತ್ತಿದ್ದರೂ ಊಟ ಕರುಳಿಗೇ ಹೋಗಬೇಕು, ನಿಧಾನಕ್ಕೆ ಹೋಗಬೇಕು.

ಈ ಪಾಠ ರಾಯಚೂರಿಗೆ ಬರಲು ಇನ್ನೂ ಅರವತ್ತಾರು ವರ್ಷ ಇತ್ತು. ಅದಕ್ಕೆ ಮೊದಲು ನಳಿಕೆಯ ಕಥೆ ಮುಗಿಸೋಣ.

ರೈಲ್ಸ್ ಟ್ಯೂಬ್: ಇದು ರೈಲಿನದಲ್ಲ

ಆಸ್ಪತ್ರೆಯಲ್ಲಿ ನರ್ಸಮ್ಮ "ರೈಲ್ಸ್ ಟ್ಯೂಬ್ ತರ್ರಿ" ಎಂದಾಗ ನಮ್ಮವರು ರೈಲನ್ನು ನೆನೆಸುತ್ತಾರೆ. ಅದು ಒಬ್ಬ ಮನುಷ್ಯನ ಹೆಸರು. ಜಾನ್ ರೈಲ್ ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯರು. 1921ರಲ್ಲಿ ಅವರು ಸಣ್ಣ ಮೆತ್ತಗಿನ ರಬ್ಬರ್ ನಳಿಕೆಯ ತುದಿಗೆ ಸೀಸದ ಗುಂಡು ಇಟ್ಟು, ತೂಕಕ್ಕೆ ತಾನೇ ಕೆಳಗಿಳಿಯುವಂತೆ ಮಾಡಿದರು. ಉಣಿಸಲಿಕ್ಕಲ್ಲ, ಜಠರದ ರಸ ಹೊರತೆಗೆದು ಪರೀಕ್ಷೆ ಮಾಡಲಿಕ್ಕೆ. ಅದೇ ವರ್ಷ ಅಮೆರಿಕದಲ್ಲಿ ಲೆವಿನ್ ಎಂಬ ವೈದ್ಯರೂ ಅಂಥದೇ ನಳಿಕೆ ಮಾಡಿದರು. ಹೊರಗೆ ತೆಗೆಯುವ ನಳಿಕೆಯಲ್ಲಿ ಒಳಗೆ ಕಳಿಸಲೂ ಬರುತ್ತದೆ ಎಂದು ಬೇಗ ಗೊತ್ತಾಯಿತು. ಈಗ ರಬ್ಬರ್ ಹೋಗಿ ಪ್ಲಾಸ್ಟಿಕ್, ಸಿಲಿಕಾನ್ ಬಂದಿವೆ. ಹೆಸರು ಮಾತ್ರ ಉಳಿದಿದೆ.

ರೈಲ್ ಅವರ ಮುಂದಿನ ಬದುಕು ನಮಗೆ ಇನ್ನೂ ಹಿಡಿಸಿತು. 1943ರಲ್ಲಿ ಅವರು ಆಕ್ಸ್‌ಫರ್ಡಿನಲ್ಲಿ ಸಾಮಾಜಿಕ ವೈದ್ಯಶಾಸ್ತ್ರದ ಮೊದಲ ಪ್ರಾಧ್ಯಾಪಕರಾದರು. ಜಠರಕ್ಕೆ ನಳಿಕೆ ಇಳಿಸಿದ ವೈದ್ಯ ಬಡವರಿಗೇ ರೋಗ ಯಾಕೆ ಹೆಚ್ಚು ಎಂದು ಕೇಳಲು ಹೊರಟರು.

ನಳಿಕೆಗೆ ಅಂಜುವುದಕ್ಕೂ ಚರಿತ್ರೆಯಲ್ಲಿ ಕಾರಣ ಇದೆ. 1929ರಲ್ಲಿ ಲಾಹೋರ್ ಜೈಲಿನಲ್ಲಿ ಭಗತ್ ಸಿಂಗರ ಸಂಗಾತಿ ಜತೀಂದ್ರನಾಥ ದಾಸ್ ಉಪವಾಸ ಕೂತರು. ಜೈಲಿನವರು ಕೈಕಾಲು ಹಿಡಿದು ಮೂಗಿಗೆ ನಳಿಕೆ ತುರುಕಿ ಹಾಲು ಸುರಿದರು. ಅದು ಪುಪ್ಪುಸಕ್ಕೆ ಹೋಯಿತು. 63ನೇ ದಿನ, ಸೆಪ್ಟೆಂಬರ್ 13ರಂದು ಅವರು ತೀರಿಕೊಂಡರು. ಗಂಟಲಲ್ಲಿ ಎರಡು ದಾರಿ ಇವೆ, ಒಂದು ಅನ್ನದ್ದು, ಒಂದು ಉಸಿರಿನದು. ನಳಿಕೆ ಉಸಿರಿನ ದಾರಿಗೆ ಹೊಕ್ಕರೆ ಊಟವೇ ವಿಷ.

ಅದೇ ನಳಿಕೆ ಸರಿಯಾದ ದಾರಿಯಲ್ಲಿ ಇದ್ದರೆ? ಮಣಿಪುರದ ಇರೋಮ್ ಶರ್ಮಿಳಾ 2000ದ ನವೆಂಬರಿನಿಂದ 2016ರ ಆಗಸ್ಟ್ ತನಕ ಬಾಯಿಗೆ ಅನ್ನ ಮುಟ್ಟಿಸಲಿಲ್ಲ. ಸರ್ಕಾರ ಅವರ ಇಚ್ಛೆಗೆ ವಿರುದ್ಧವಾಗಿ ಮೂಗಿನ ನಳಿಕೆಯಿಂದ ಉಣಿಸಿತು. ಅದು ಸರಿಯೋ ತಪ್ಪೋ ಎನ್ನುವ ವಾದ ಬೇರೆ. ಆದರೆ ಹದಿನಾರು ವರ್ಷ ಹತ್ತಿರ ಒಂದು ಜೀವ ಆ ನಳಿಕೆಯ ಊಟದಲ್ಲೇ ಬದುಕಿತು. ನಳಿಕೆ ಹಾಕಿದರೆ ಮುಗಿಯಿತು ಎನ್ನುವವರು ಇದನ್ನು ನೆನಪಿಡಬೇಕು.

ರಕ್ತನಾಳಕ್ಕೆ ಪೂರ್ತಿ ಊಟ

ಕರುಳೇ ಇಲ್ಲದವರಿಗೆ? ಕರುಳು ಕೊಳೆತು ಕತ್ತರಿಸಿದವರಿಗೆ, ಕರುಳು ಬೆಳೆಯದೆ ಹುಟ್ಟಿದ ಕೂಸಿಗೆ ನಳಿಕೆಯೂ ಉಪಯೋಗವಿಲ್ಲ. ಕೈಯ ಸಣ್ಣ ರಕ್ತನಾಳಕ್ಕೆ ಗಟ್ಟಿ ಸಕ್ಕರೆ ನೀರು ಹೋದರೆ ನಾಳ ಉರಿದು ಮುಚ್ಚಿಕೊಳ್ಳುತ್ತದೆ. ತೆಳು ಕೊಟ್ಟರೆ ಶಕ್ತಿ ಸಾಲುವುದಿಲ್ಲ. ಈ ಗಂಟನ್ನು ಇಬ್ಬರು ಬಿಡಿಸಿದರು. ಸ್ವೀಡನ್ನಿನ ಆರ್ವಿಡ್ ರೆಟ್ಲಿಂಡ್ 1960ರ ದಶಕದ ಮೊದಲಲ್ಲಿ ಸೋಯಾ ಎಣ್ಣೆಯನ್ನು ಹಾಲಿನಂತೆ ಕಡೆದು ರಕ್ತನಾಳಕ್ಕೆ ಕೊಡಲು ಬರುವಂತೆ ಮಾಡಿದರು. ಅಮೆರಿಕದ ಸ್ಟ್ಯಾನ್ಲಿ ಡಡ್ರಿಕ್, ಹೃದಯದ ಹತ್ತಿರದ ದೊಡ್ಡ ನಾಳಕ್ಕೆ ಗಟ್ಟಿ ದ್ರವ ಬಿಟ್ಟರೆ ರಕ್ತದ ರಭಸದಲ್ಲಿ ಅದು ತೆಳುವಾಗುತ್ತದೆ ಎಂದು ತೋರಿಸಿದರು. ಮೊದಲು ನಾಯಿಮರಿಗಳನ್ನು ಹಾಗೆ ಬೆಳೆಸಿದರು. ರಕ್ತನಾಳದ ಊಟದಿಂದಲೇ ಒಂದು ಹಸುಗೂಸು ಬೆಳೆದ ವರದಿ 1968ರಲ್ಲಿ ಬಂತು.

ಇದಕ್ಕೆ ಟಿಪಿಎನ್ ಎನ್ನುತ್ತಾರೆ. ಸಕ್ಕರೆ, ಪ್ರೋಟೀನಿನ ಚೂರು, ಎಣ್ಣೆ, ಲವಣ, ವಿಟಮಿನ್ ಎಲ್ಲ ಇರುವ ನಿಜವಾದ ಊಟ ಇದು. ಬಲು ದುಬಾರಿ. ಸ್ವಲ್ಪ ಹೊಲಸಾದರೂ ನಂಜು ನೇರ ರಕ್ತಕ್ಕೆ. ದಿನವೂ ರಕ್ತಪರೀಕ್ಷೆ ಬೇಕು, ಪಳಗಿದ ಕೈ ಬೇಕು. ಹಳ್ಳಿಯ ಕಟ್ಟಿ ಮೇಲೆ ಮಲಗಿಸಿ, ಕಿಟಕಿಯ ಸಳಿಗೆ ತೂಗುಹಾಕುವ ಬಾಟ್ಲಿ ಇದಲ್ಲ.

ಮೂಗಿನ ನಳಿಕೆ ತಿಂಗಳುಗಟ್ಟಲೆ ಬೇಕಾದವರಿಗೆ 1979ರಲ್ಲಿ ಇನ್ನೊಂದು ದಾರಿ ಸಿಕ್ಕಿತು. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಗಾಡರರ್, ಪಾನ್ಸ್ಕಿ ಎಂಬ ಇಬ್ಬರು ವೈದ್ಯರು ಹೊಟ್ಟೆ ಕೊಯ್ಯದೆ, ಎಂಡೋಸ್ಕೋಪಿ ಸಹಾಯದಿಂದ ಹೊಟ್ಟೆಯ ಮೇಲೆ ಸಣ್ಣ ತೂತು ಮಾಡಿ ನೇರ ಜಠರಕ್ಕೆ ನಳಿಕೆ ಇಟ್ಟರು. ಮೊದಲ ರೋಗಿ ಒಂದು ಕೂಸು. ಅದೇ ಪೆಗ್ ಟ್ಯೂಬ್. ಪಾರ್ಶ್ವವಾಯು, ಗಂಟಲ ಕ್ಯಾನ್ಸರ್ ಆದವರಿಗೆ ಈಗ ದೊಡ್ಡ ಆಸ್ಪತ್ರೆಗಳಲ್ಲಿ ಹಾಕುತ್ತಾರೆ.

2011: ಪಾಠ ನಮ್ಮ ಜಿಲ್ಲೆಗೆ ಬಂತು

2011ರಲ್ಲಿ ರಾಯಚೂರು ಜಿಲ್ಲೆ, ಅದರಲ್ಲೂ ದೇವದುರ್ಗ, ರಾಜ್ಯದ ಟಿವಿ, ಪೇಪರುಗಳಲ್ಲಿ ತುಂಬಿಹೋಯಿತು. ಅಪೌಷ್ಟಿಕತೆಯಿಂದ ಮಕ್ಕಳು ಸಾಯುತ್ತಿದ್ದ ಸುದ್ದಿ. ಕೃಷ್ಣೆ, ತುಂಗಭದ್ರೆ ಎರಡೂ ಹರಿಯುವ ಜಿಲ್ಲೆಯಲ್ಲಿ, ಭತ್ತ ಲಾರಿಗಟ್ಟಲೆ ಹೊರಹೋಗುವ ಜಿಲ್ಲೆಯಲ್ಲಿ, ಎಲುಬಿನ ಹಂದರದಂಥ ಕೂಸುಗಳ ಫೋಟೊ. ವಿಷಯ ಹೈಕೋರ್ಟ್ ಮುಟ್ಟಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಅಧ್ಯಕ್ಷತೆಯ ಸಮಿತಿ 2012ರಲ್ಲಿ ವರದಿ ಕೊಟ್ಟಿತು. 2013ರಲ್ಲಿ ಶಾಲೆ, ಅಂಗನವಾಡಿಗಳಿಗೆ ಕ್ಷೀರಭಾಗ್ಯದ ಹಾಲು ಬಂತು. 2021ರ ಡಿಸೆಂಬರಿನಲ್ಲಿ ನಮ್ಮ ಭಾಗದ ಶಾಲೆಗಳ ಬಿಸಿಯೂಟಕ್ಕೆ ಮೊಟ್ಟೆ ಬಂತು.

ಅದೇ 2011ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ತೀವ್ರ ಅಪೌಷ್ಟಿಕ ಮಕ್ಕಳ ಚಿಕಿತ್ಸೆಗೆ ನಿಯಮ ಪುಸ್ತಕ ತಂದಿತು. ಪೌಷ್ಟಿಕ ಪುನಶ್ಚೇತನ ಕೇಂದ್ರಗಳು, ಅಂದರೆ ಎನ್‌ಆರ್‌ಸಿಗಳು ನಡೆಯುವುದು ಆ ನಿಯಮದಂತೆ. ಬೆಲ್ಸನ್ ಪಾಠ ಅದರ ಒಳಗೆ ಇದೆ.

ಮಗುವಿನ ರಟ್ಟೆಯ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಅಂಗನವಾಡಿ ಟೇಪಿನಲ್ಲಿ ಕೆಂಪು. ಅಂಥ ಮಗುವಿಗೆ ಜ್ವರವೋ ಭೇದಿಯೋ ಇದ್ದರೆ, ಹಸಿವೇ ಇಲ್ಲದಿದ್ದರೆ, ತಾಯಿ ಜೊತೆ ಎರಡು ವಾರದಷ್ಟು ಕೇಂದ್ರದಲ್ಲಿ ಇರಬೇಕು. ಮೊದಲ ದಿನಗಳಲ್ಲಿ ಕೊಡುವುದು ಎಫ್-75 ಎಂಬ ತೆಳು ಹಾಲು. ನೂರು ಮಿ.ಲೀ.ಗೆ 75 ಕ್ಯಾಲರಿ. ಎರಡೆರಡು ತಾಸಿಗೊಮ್ಮೆ, ರಾತ್ರಿಯೂ. ಅದನ್ನು ಆಸ್ಪತ್ರೆಯ ಅಡಿಗೆಮನೆಯಲ್ಲೇ ಮಾಡಬಹುದು. ಹಾಲು, ಸಕ್ಕರೆ, ಎಣ್ಣೆ, ನೀರು, ಜೊತೆಗೆ ಮಂಡಾಳು ಪುಡಿ. ಹೌದು, ನಾವು ಮಿರ್ಚಿ ಜೊತೆ ಒಗ್ಗರಣಿ ಮಾಡಿ ತಿನ್ನುವ ಅದೇ ಮಂಡಾಳು. ಮಗು ಚೇತರಿಸಿಕೊಂಡ ಮೇಲೆ ಎಫ್-100, ನೂರು ಮಿ.ಲೀ.ಗೆ ನೂರು ಕ್ಯಾಲರಿ.

ಮೊದಲ ದಿನವೇ ಹೊಟ್ಟೆ ತುಂಬ ಉಣಿಸಬಾರದೇ? ಬಾರದು. ಬಹಳ ದಿನ ಹಸಿದ ಮೈಗೆ ಒಮ್ಮೆಲೇ ಅನ್ನ ಬಿದ್ದರೆ ರಕ್ತದ ಲವಣಗಳು ಏರುಪೇರಾಗಿ ಹೃದಯವೇ ನಿಲ್ಲಬಹುದು.

ಆ ಹಾಲನ್ನೂ ಮಗು ಕುಡಿಯದೆ ಬಿಟ್ಟರೆ? ನಿಯಮ ಹೇಳುವುದು ಮೂಗಿನ ನಳಿಕೆ. ಮೊದಲು ಬಟ್ಟಲಿನಿಂದ ಕುಡಿಸಬೇಕು, ಉಳಿದದ್ದನ್ನು ನಳಿಕೆಯಲ್ಲಿ ಬಿಡಬೇಕು. ತಾನೇ ಕುಡಿಯಲು ಹತ್ತಿದ ಕೂಡಲೇ ನಳಿಕೆ ತೆಗೆಯಬೇಕು. ಬಾಟ್ಲಿ ಹಚ್ಚುವ ಬಗ್ಗೆ ಅದೇ ನಿಯಮ ಬಿಗಿಯಾಗಿದೆ: ಮೈ ತಣ್ಣಗಾಗಿ, ನಾಡಿ ಸೋತ ಆಘಾತದ ಸ್ಥಿತಿ ಬಿಟ್ಟರೆ ಸೊರಗಿದ ಮಗುವಿಗೆ ಸಲಾಯನ್ ಬೇಡ. ಅದರ ಸೋತ ಹೃದಯ ಅಷ್ಟು ನೀರು ತಡೆಯದು.

ಅಂದರೆ ನಮ್ಮೂರಲ್ಲಿ ತಾಯಂದಿರು ಬೇಡುವ ಬಾಟ್ಲಿ ಆ ಮಗುವಿಗೆ ಅಪಾಯ, ಅಂಜುವ ನಳಿಕೆ ಆ ಮಗುವಿಗೆ ಊಟ. ಕೂಲಿ ಬಿಟ್ಟು ಎರಡು ವಾರ ಕೇಂದ್ರದಲ್ಲಿ ಕೂರುವುದು ತಾಯಿಗೆ ಸುಲಭವಲ್ಲ. ಮನೆಯಲ್ಲಿ ಇನ್ನೆರಡು ಮಕ್ಕಳು, ಹೊಲದಲ್ಲಿ ಹತ್ತಿ. ಅದಕ್ಕೇ ಆಕೆಗೆ ಊಟ, ಕೂಲಿ ನಷ್ಟದ ಹಣ ಕೊಡಬೇಕೆಂದು ಆ ನಿಯಮದಲ್ಲೇ ಇದೆ. ಕೇಳಿ ಪಡೆಯಬೇಕು.

ಬಾಟ್ಲಿಯೇ ಕೆಟ್ಟಿದ್ದರೆ

2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಒಟ್ಟು ಐವರು. ಅನುಮಾನ ಬಿದ್ದದ್ದು ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ಬಾಟ್ಲಿಯ ಮೇಲೆ. ರಾಜ್ಯ ಸರ್ಕಾರ ಆ ಬಾಟ್ಲಿಗಳ ಬಳಕೆ ನಿಲ್ಲಿಸಿತು, ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ನಮ್ಮ ಜಿಲ್ಲೆಯಲ್ಲಾದ ಬಾಣಂತಿಯರ ಸಾವಿನ ಬಗ್ಗೆಯೂ ಅದೇ ಪ್ರಶ್ನೆ ಎದ್ದಿತು.

ಬಾಯಿಂದ ಕೆಟ್ಟದ್ದು ಹೋದರೆ ಮೈ ವಾಂತಿ ಮಾಡಿ ಹೊರಹಾಕುತ್ತದೆ. ಜಠರದಲ್ಲಿ ಆಮ್ಲ ಇದೆ, ಕರುಳಲ್ಲಿ ಕಾವಲು ಇದೆ. ರಕ್ತನಾಳಕ್ಕೆ ಬಾಗಿಲೂ ಇಲ್ಲ, ಕಾವಲೂ ಇಲ್ಲ. ಬೇಕೇ ಬೇಕಾದಾಗ ಆ ದಾರಿ ಹಿಡಿಯಲೇಬೇಕು. ಬರೀ ನಿಶ್ಶಕ್ತಿಗೆ ಹಿಡಿಯಬಾರದು.

ಕೊನೆಯ ದಿನಗಳ ಪ್ರಶ್ನೆ

ನಳಿಕೆ ಯಾವಾಗ ಬೇಡ ಎಂಬ ಪ್ರಶ್ನೆಯೂ ಇದೆ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ್ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅಲ್ಲಿನ ಒಬ್ಬ ಕೆಲಸಗಾರ ಅವರ ಮೇಲೆ ದೌರ್ಜನ್ಯ ಎಸಗಿ ಕುತ್ತಿಗೆಗೆ ಸರಪಳಿ ಬಿಗಿದ. ಮೆದುಳಿಗೆ ಪೆಟ್ಟಾಯಿತು. ನಲವತ್ತೊಂದು ವರ್ಷಕ್ಕೂ ಹೆಚ್ಚು ಕಾಲ ಜೊತೆಗಾರ ನರ್ಸುಗಳು ಅವರನ್ನು ನೋಡಿಕೊಂಡರು. ಹಿಸುಕಿದ ಊಟ ಬಾಯಿಗೆ ಕೊಟ್ಟರು, ಕೊನೆಯ ವರ್ಷಗಳಲ್ಲಿ ನಳಿಕೆಯಿಂದ ಕೊಟ್ಟರು. ಅವರಿಗೆ ಉಣಿಸುವುದನ್ನು ನಿಲ್ಲಿಸಬೇಕೆಂಬ ಅರ್ಜಿಯನ್ನು 2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆದರೆ ಗುಣವಾಗುವ ಆಸೆಯೇ ಇಲ್ಲದವರ ವಿಷಯದಲ್ಲಿ ಜೀವ ಎಳೆಯುವ ಚಿಕಿತ್ಸೆ ನಿಲ್ಲಿಸಲು ದಾರಿ ಇದೆ ಎಂದಿತು. ಅರುಣಾ 2015ರ ಮೇ 18ರಂದು ತೀರಿಕೊಂಡರು.

2018ರಲ್ಲಿ ಅದೇ ಕೋರ್ಟ್ ಗೌರವದಿಂದ ಸಾಯುವುದೂ ಬದುಕಿನ ಹಕ್ಕಿನ ಭಾಗ ಎಂದಿತು. 2025ರ ಜನವರಿ 30ರಂದು ಕರ್ನಾಟಕ ಸರ್ಕಾರ ಅದನ್ನು ಜಾರಿ ಮಾಡುವ ಆದೇಶ ಹೊರಡಿಸಿತು. ಇದಕ್ಕಾಗಿ ಹಲವು ವರ್ಷ ಹೋರಾಡಿದ್ದವರು ದಾವಣಗೆರೆಯ ನಿವೃತ್ತ ಶಿಕ್ಷಕಿ ಕರಿಬಸಮ್ಮ. ಎರಡು ಹಂತದ ವೈದ್ಯ ಮಂಡಳಿ, ಹತ್ತಿರದವರ ಒಪ್ಪಿಗೆ ಎಲ್ಲ ಇದ್ದ ಮೇಲೇ ಅದು ನಡೆಯುತ್ತದೆ. ಇದರಿಂದ ಹಳ್ಳಿಯ ಮನೆಗೆ ಉಪಯೋಗ ಇಷ್ಟು: ನಳಿಕೆ ಹಾಕುವಾಗ "ಇದು ಗುಣವಾಗುವ ತನಕವೋ, ಬರೀ ದಿನ ಎಳೆಯಲಿಕ್ಕೋ" ಎಂದು ಡಾಕ್ಟರನ್ನು ಕೇಳುವ ಹಕ್ಕು ನಿಮಗಿದೆ. ಆ ಮಾತು ಕೇಳಿದರೆ ಮುತ್ಯಾನ ಮೇಲೆ ಪ್ರೀತಿ ಇಲ್ಲ ಎಂದಾಗುವುದಿಲ್ಲ.

ನಳಿಕೆ ಇಟ್ಟುಕೊಂಡು ಮನೆಗೆ ಬಂದವರಿಗೆ

ಲಕ್ವಾ ಹೊಡೆದ ಹಿರಿಯರನ್ನು ರಾಯಚೂರಿನ ಆಸ್ಪತ್ರೆಯಿಂದ ನಳಿಕೆ ಸಮೇತ ಮನೆಗೆ ಕಳಿಸುವುದು ಈಗ ಸಾಮಾನ್ಯ. ಆಗ ನರ್ಸಿನ ಕೆಲಸ ಸೊಸೆಯದೋ ಮಗಳದೋ ಆಗುತ್ತದೆ. ಆಸ್ಪತ್ರೆಯವರು ಹೇಳಿದ್ದೇ ಮೊದಲ ಮಾತು. ಅದರ ಜೊತೆ ಇವನ್ನು ನೆನಪಿಡಿ.

ಮಲಗಿಸಿ ಉಣಿಸಬೇಡಿ. ತಲೆ, ಎದೆ ಎತ್ತರ ಇರಲಿ. ಊಟದ ನಂತರವೂ ಅರ್ಧ ತಾಸಿನಿಂದ ಒಂದು ತಾಸು ಹಾಗೇ ಇರಲಿ.

ಮೂಗಿನ ಹತ್ತಿರ ನಳಿಕೆಯ ಮೇಲಿನ ಗುರುತು ಪ್ರತಿಸಲ ನೋಡಿ. ಗುರುತು ಜರುಗಿದ್ದರೆ, ಉಣಿಸುವಾಗ ಕೆಮ್ಮು ಬಂದರೆ, ಉಸಿರು ಕಟ್ಟಿದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಕಿತ್ತುಬಂದ ನಳಿಕೆಯನ್ನು ಮನೆಯಲ್ಲಿ ಮತ್ತೆ ತುರುಕಬೇಡಿ. ಅದು ಹೊಟ್ಟೆಯಲ್ಲೇ ಇದೆಯೆಂದು ತಿಳಿಯಲು ಎಕ್ಸ್‌ರೇ ಅತ್ಯಂತ ನಂಬಿಗಸ್ತ ದಾರಿ.

ಸಿರಿಂಜನ್ನು ಒತ್ತಿ ತುರುಕಬೇಡಿ, ಊಟ ತಾನೇ ಇಳಿಯಲಿ. ಕೊನೆಗೆ ಕುಡಿಯುವ ನೀರು ಬಿಟ್ಟು ನಳಿಕೆ ತೊಳೆಯಿರಿ.

ಬರೀ ಬೇಳೆ ಕಟ್ಟು, ಎಳನೀರು ಬಿಟ್ಟರೆ ನಳಿಕೆಯಲ್ಲೂ ಉಪವಾಸವೇ. ಹಾಲು, ನುಣ್ಣಗೆ ಅರೆದು ಸೋಸಿದ ಗಂಜಿ, ಬೇಳೆ, ಎಣ್ಣೆ, ಹೊಂದುವವರಿಗೆ ಮೊಟ್ಟೆ: ಎಷ್ಟು, ದಿನಕ್ಕೆ ಎಷ್ಟು ಸಲ ಎಂದು ಡಿಸ್ಚಾರ್ಜ್ ಆಗುವ ಮೊದಲೇ ಬರೆಸಿಕೊಳ್ಳಿ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದವರಿಗೆ ಲೆಕ್ಕ ಬೇರೆ.

ಬಾಟ್ಲಿ ಹಚ್ಚುತ್ತೇನೆ ಎಂದವರಿಗೆ ಎರಡೇ ಪ್ರಶ್ನೆ ಕೇಳಿ: "ಇದರಾಗ ಏನೈತ್ರಿ? ಬಾಯಿಲೆ ಕುಡಿಸಿದ್ರ ಆಗಂಗಿಲ್ಲೇನ್ರಿ?" ಕುಡಿದದ್ದು ನಿಲ್ಲದಂಥ ಭೇದಿ, ರಕ್ತಸ್ರಾವ, ಆಪರೇಷನ್ ಎಂದರೆ ತಡಮಾಡದೆ ಹಚ್ಚಿಸಿಕೊಳ್ಳಿ. ನಿಶ್ಶಕ್ತಿ ಎಂದರೆ ಆ ನಿಶ್ಶಕ್ತಿಗೆ ಕಾರಣ ಏನೆಂದು ರಕ್ತಪರೀಕ್ಷೆ ಮಾಡಿಸಿ. ನಮ್ಮ ಹೆಣ್ಣುಮಕ್ಕಳ ನಿಶ್ಶಕ್ತಿಯ ಹಿಂದೆ ಬಹಳ ಸಲ ಇರುವುದು ರಕ್ತಹೀನತೆ. ಅದಕ್ಕೆ ಮದ್ದು ಕಬ್ಬಿಣದ ಗುಳಿಗೆ ಮತ್ತು ತಾಟಿನ ಊಟ. ಬಾಟ್ಲಿಗೆ ಕೊಡುವ ದುಡ್ಡಿನಲ್ಲಿ ಮೊಟ್ಟೆ, ಬೇಳೆ, ಹಾಲು ತಂದರೆ ಮನೆಮಂದಿ ಎಲ್ಲರ ತಾಟಿಗೂ ಬರುತ್ತದೆ.